ಓದುಗರ ಪ್ರಶ್ನೆ: ಶುರುವಿನಲ್ಲಿ ಕೂಡುವ ಆಡಿಯೊ ಕೊನೆಗೆ ಯಾಕೆ ತಪ್ಪುತ್ತದೆ?

ಪ್ರಶ್ನೆ: ಸರ್, ನಾನು ಮತ್ತು ಗೆಳೆಯ ಪಾಡ್‌ಕಾಸ್ಟ್ ಮಾಡುತ್ತೇವೆ. ಒಂದೇ ರೂಮಿನಲ್ಲಿ ಕೂತು, ಅವರವರ ಫೋನಿಗೆ ಕಾಲರ್ ಮೈಕ್ ಹಾಕಿಕೊಂಡು ರೆಕಾರ್ಡ್ ಮಾಡುತ್ತೇವೆ. ಆಮೇಲೆ ಎರಡೂ ಫೈಲ್ ಕಂಪ್ಯೂಟರಿಗೆ ಹಾಕಿ, ಆಡಾಸಿಟಿ ಅನ್ನುವ ಆಡಿಯೊ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಹೊಂದಿಸುತ್ತೇನೆ. ಮೊದಲ ಹತ್ತು ನಿಮಿಷ ಚೆನ್ನಾಗಿರುತ್ತದೆ. ಗಂಟೆ ಮುಗಿಯುವಷ್ಟರಲ್ಲಿ ಬಾವಿಯೊಳಗಿಂದ ಕೂಗಿದ ಹಾಗೆ ಒಂದೊಂದು ಮಾತೂ ಎರಡೆರಡು ಸಲ ಕೇಳಿಸುತ್ತದೆ. ಫೋನ್ ಕೆಟ್ಟಿದೆಯಾ?
– ಓದುಗರು, ಬನಶಂಕರಿ

ಉತ್ತರ: ಫೋನ್ ಚೆನ್ನಾಗಿಯೇ ಇದೆ, ಹೊಸದು ಕೊಳ್ಳಲು ಹೋಗಬೇಡಿ. ಪ್ರತಿ ಫೋನಿನೊಳಗೂ ಒಂದು ಚಿಕ್ಕ ಕ್ರಿಸ್ಟಲ್ ಇರುತ್ತದೆ. ಸೆಕೆಂಡಿಗೆ ಎಷ್ಟು ಸ್ಯಾಂಪಲ್, ಅಂದರೆ ದನಿಯ ಅಳತೆ, ತೆಗೆಯಬೇಕು ಅನ್ನುವ ಲೆಕ್ಕ ಅದರದ್ದು. ಎರಡೂ ಫೋನಿನಲ್ಲಿ 48,000 ಅಂತಲೇ ಬರೆದಿರುತ್ತದೆ, ಆದರೆ ಒಂದು 48,001 ತೆಗೆಯಬಹುದು, ಇನ್ನೊಂದು 47,999. ಅಷ್ಟೇ ಸಾಕು, ಒಂದು ಗಂಟೆಗೆ ಸುಮಾರು 0.15 ಸೆಕೆಂಡ್ ವ್ಯತ್ಯಾಸ ಬರುತ್ತದೆ. ಒಂದೇ ರೂಮು ಅಂದಮೇಲೆ ನಿಮ್ಮ ಮಾತು ಗೆಳೆಯನ ಮೈಕಿಗೂ ಸ್ವಲ್ಪ ಬಿದ್ದಿರುತ್ತದೆ ಅಲ್ವಾ, ಅದೇ ಎರಡನೇ ಸಲ ಕೇಳಿಸುವುದು. ಮೊದಮೊದಲು ದನಿ ಸ್ವಲ್ಪ ಪೊಳ್ಳಾಗಿ ಕೇಳಿಸುತ್ತದೆ, ಅಂತರ 0.05 ಸೆಕೆಂಡ್ ದಾಟಿದರೆ ಪ್ರತಿಧ್ವನಿ ಅಂತ ಕಿವಿಗೆ ಚೆನ್ನಾಗಿಯೇ ಗೊತ್ತಾಗುತ್ತದೆ.

ಹಾಗಾಗಿ ಶುರುವನ್ನು ಮಾತ್ರ ಕೂಡಿಸಿದರೆ ಸಾಲದು. ರೆಕಾರ್ಡಿಂಗ್ ಶುರುವಾದ ಕೂಡಲೇ ಇಬ್ಬರ ಮಧ್ಯೆ ಜೋರಾಗಿ ಒಂದು ಚಪ್ಪಾಳೆ ಹೊಡೆಯಿರಿ, ನಿಲ್ಲಿಸುವ ಮುಂಚೆ ಇನ್ನೊಂದು. ಮಧ್ಯೆ ಅಂದರೆ ಮಧ್ಯೆಯೇ, ಯಾಕೆಂದರೆ ಶಬ್ದ ಒಂದು ಮೀಟರ್ ಹೋಗಲು ಸುಮಾರು 3 ಮಿಲಿಸೆಕೆಂಡ್ ಹಿಡಿಯುತ್ತದೆ. ಆಡಾಸಿಟಿಯಲ್ಲಿ ಜೂಮ್ ಮಾಡಿ ನೋಡಿದರೆ ಚಪ್ಪಾಳೆ ನೆಟ್ಟಗೆ ಎದ್ದ ಗೆರೆಯಾಗಿ ಕಾಣುತ್ತದೆ. ಎರಡೂ ಟ್ರ್ಯಾಕಿನಲ್ಲಿ ಮೊದಲ ಚಪ್ಪಾಳೆಯ ಹಿಂದಿನದನ್ನೂ ಕೊನೆಯ ಚಪ್ಪಾಳೆಯ ಮುಂದಿನದನ್ನೂ ಕತ್ತರಿಸಿ. ಈಗ ಉದ್ದ ನೋಡಿ. ನಿಮ್ಮದು 3600.00 ಸೆಕೆಂಡ್, ಗೆಳೆಯನದು 3600.15 ಅಂತ ಇಟ್ಟುಕೊಳ್ಳೋಣ. ಗೆಳೆಯನ ಟ್ರ್ಯಾಕ್ ಪೂರ್ತಿ ಸೆಲೆಕ್ಟ್ ಮಾಡಿ, ಎಫೆಕ್ಟ್‌ನಲ್ಲಿ ಸ್ಪೀಡ್ ಬದಲಿಸುವ ಆಯ್ಕೆ ತೆಗೆದು, ಹೊಸ ಉದ್ದ ಕೇಳುವ ಕಡೆ ನಿಮ್ಮ ಟ್ರ್ಯಾಕಿನ ಉದ್ದವನ್ನು ಮಿಲಿಸೆಕೆಂಡ್ ಸಮೇತ ಹಾಕಿ. ಮುಗಿಯಿತು. ಶ್ರುತಿ ಬದಲಾಗುತ್ತದೆ ಅಂತ ಹೆದರಿ ಟೆಂಪೊ ಬದಲಿಸುವ ಆಯ್ಕೆಗೆ ಹೋಗಬೇಡಿ, ಅದು ದನಿಯನ್ನು ಸ್ವಲ್ಪ ಕೆಡಿಸುತ್ತದೆ. ಇಲ್ಲಿ ಆಗುವ ಬದಲಾವಣೆ ಶೇಕಡಾ 0.004, ಯಾವ ವಿದ್ವಾಂಸರ ಕಿವಿಗೂ ಸಿಗುವುದಿಲ್ಲ.

ಆಮೇಲೆ ಮಧ್ಯದಲ್ಲಿ, ಅರ್ಧ ಗಂಟೆಯ ಹತ್ತಿರ, ಒಮ್ಮೆ ಕೇಳಿ. ಅಲ್ಲೂ ಸರಿ ಇದ್ದರೆ ಕಾರಣ ಕ್ರಿಸ್ಟಲ್ಲೇ. ಒಂದು ಕಡೆ ಇದ್ದಕ್ಕಿದ್ದಂತೆ ಹಾರಿದ್ದರೆ ಆ ಕ್ಷಣದಲ್ಲಿ ಫೋನಿಗೆ ಕಾಲ್ ಬಂದೋ ಇನ್ನೇನಾಗಿಯೋ ರೆಕಾರ್ಡಿಂಗ್ ತುಂಡಾಗಿದೆ ಅಂತ ಅರ್ಥ, ಆಗ ಎಳೆದು ಪ್ರಯೋಜನವಿಲ್ಲ, ಅಲ್ಲಿಯೇ ಕತ್ತರಿಸಿ ಸರಿಸಬೇಕು. ಮುಂದಿನ ಸಲ ಏರೋಪ್ಲೇನ್ ಮೋಡ್ ಹಾಕಿಕೊಳ್ಳಿ. ಈ ವಾರದ ಲೆಕ್ಕವನ್ನೇ ಮುಂದಿನ ವಾರಕ್ಕೂ ಹಾಕಬೇಡಿ. ಬಿಸಿಗೆ ತಂಪಿಗೆ ಕ್ರಿಸ್ಟಲ್ಲಿನ ವೇಗವೂ ಚೂರು ಬದಲಾಗುತ್ತದೆ.

ಹಳೆಯ ರೆಕಾರ್ಡಿಂಗಿನಲ್ಲಿ ಚಪ್ಪಾಳೆ ಇಲ್ಲದಿದ್ದರೆ ಟೇಬಲ್ ಮೇಲೆ ಲೋಟ ಕುಕ್ಕಿದ ಸದ್ದು ಹುಡುಕಿ, ಅದೂ ಇಲ್ಲದಿದ್ದರೆ ಟ, ಪ, ಕ ಅಕ್ಷರ ಗಟ್ಟಿಯಾಗಿ ಬಿದ್ದ ಕಡೆ ನೋಡಿ. ಕುಕ್ಕರ್ ಸೀಟಿ ಬೇಡ, ಅದು ನಿಧಾನಕ್ಕೆ ಏರುವುದರಿಂದ ಎಲ್ಲಿ ಶುರುವಾಯಿತು ಅಂತಲೇ ತಿಳಿಯುವುದಿಲ್ಲ.

ಪ್ರಶ್ನೆ: ಅಮ್ಮ ಹಾಡಿದ ದೇವರನಾಮ 48,000 ರೇಟಿನಲ್ಲಿದೆ, ಮಗನ ತಬಲಾ 44,100ರಲ್ಲಿ. ಎರಡೂ ಒಂದೇ ಇರಲಿ ಅಂತ ಅಮ್ಮನ ಟ್ರ್ಯಾಕಿನ ಮೆನುವಿನಲ್ಲಿ ರೇಟ್ ಬದಲಿಸಿದೆ. ದನಿ ದಪ್ಪಗಾಯಿತು, ಹಾಡೂ ಉದ್ದವಾಯಿತು!
– ಓದುಗರು, ಮಲ್ಲೇಶ್ವರ

ಉತ್ತರ: ಆ ಮೆನು ಹಾಡನ್ನು ಪರಿವರ್ತಿಸುವುದಿಲ್ಲ, ಅದೇ ಸ್ಯಾಂಪಲ್‌ಗಳನ್ನು ನಿಧಾನಕ್ಕೆ ಓದು ಅಂತ ಹೇಳುತ್ತದೆ ಅಷ್ಟೇ. ಹತ್ತು ನಿಮಿಷದ ಹಾಡು 10 ನಿಮಿಷ 53 ಸೆಕೆಂಡ್ ಆಗುತ್ತದೆ, ಶ್ರುತಿ ಹಾರ್ಮೋನಿಯಂನ ಒಂದೂವರೆ ಕೀಯಷ್ಟು ಇಳಿಯುತ್ತದೆ. ಮತ್ತೆ 48,000 ಮಾಡಿ, ಸುಮ್ನೆ ಬಿಟ್ಟುಬಿಡಿ. ಬೇರೆ ಬೇರೆ ರೇಟಿನ ಟ್ರ್ಯಾಕ್‌ಗಳನ್ನು ಆಡಾಸಿಟಿ ತಾನೇ ಹೊಂದಿಸಿಕೊಂಡು ನುಡಿಸುತ್ತದೆ. ಬದಲಿಸಲೇಬೇಕು ಅಂದರೆ ಮೇಲಿನ ಟ್ರ್ಯಾಕ್ಸ್ ಮೆನುವಿನಲ್ಲಿ ರಿಸ್ಯಾಂಪಲ್ ಇದೆ.

ಪ್ರಶ್ನೆ: ಮೃದಂಗದ ಟ್ರ್ಯಾಕ್ ಬ್ಲೂಟೂತ್ ಇಯರ್‌ಫೋನಿನಲ್ಲಿ ಕೇಳುತ್ತಾ ಮಗಳು ಪಿಟೀಲು ನುಡಿಸುತ್ತಾಳೆ. ತಾಳ ಸರಿಯಾಗಿಯೇ ಇಟ್ಟರೂ ರೆಕಾರ್ಡಿಂಗ್ ಹಿಂದೆ ಬೀಳುತ್ತದೆ.
– ಓದುಗರು, ಜಯನಗರ

ಉತ್ತರ: ಮಗುವಿನ ತಪ್ಪಲ್ಲ. ಬ್ಲೂಟೂತ್‌ನಲ್ಲಿ ದನಿ ಕಿವಿಗೆ ತಲುಪುವುದೇ ತಡ. ವೈರ್ ಇರುವ ಇಯರ್‌ಫೋನ್ ಕೊಡಿ. ಆಮೇಲೂ ಚೂರು ವ್ಯತ್ಯಾಸ ಉಳಿದರೆ ಇಯರ್‌ಫೋನನ್ನು ಮೈಕಿಗೆ ಒತ್ತಿ ಹಿಡಿದು ಟಕ್ ಟಕ್ ಶಬ್ದದ ಒಂದು ಟ್ರ್ಯಾಕ್ ನುಡಿಸುತ್ತಾ ರೆಕಾರ್ಡ್ ಮಾಡಿ, ಎಷ್ಟು ಮಿಲಿಸೆಕೆಂಡ್ ಹಿಂದೆ ಬಿದ್ದಿದೆ ಅಂತ ಅಳೆದು, ಆಡಾಸಿಟಿಯ ಪ್ರಿಫರೆನ್ಸ್‌ನಲ್ಲಿ ಲೇಟೆನ್ಸಿ ಕಾಂಪೆನ್ಸೇಷನ್ (ತಡವನ್ನು ಸರಿದೂಗಿಸುವ ಅಂಕಿ) ತಿದ್ದಿ. ಅಲ್ಲಿ ಮೊದಲೇ ಇರುವ -130 ಮಿಲಿಸೆಕೆಂಡ್ ಎಲ್ಲರ ಕಂಪ್ಯೂಟರಿಗೂ ಸರಿಹೋಗುವುದಿಲ್ಲ. ಈ ತಡ ಶುರುವಿನಿಂದ ಕೊನೆಯವರೆಗೂ ಒಂದೇ ಇರುತ್ತದೆ, ಬನಶಂಕರಿಯವರದ್ದರ ಹಾಗೆ ಬೆಳೆಯುವುದಿಲ್ಲ. ಒಮ್ಮೆ ಸರಿಸಿದರೆ ಸಾಕು.

ಪ್ರಶ್ನೆ: ಎಸ್‌.ಪಿ. ರೋಡಿಗೆ ಹೋಗಿ ಎರಡು ಯುಎಸ್‌ಬಿ ಮೈಕ್ ತಂದು ಒಂದೇ ಲ್ಯಾಪ್‌ಟಾಪಿಗೆ ಹಾಕಿದರೆ ಈ ತಲೆನೋವೆಲ್ಲ ತಪ್ಪುತ್ತದೆಯೇ?
– ಓದುಗರು, ವಿಜಯನಗರ

ಉತ್ತರ: ಇಲ್ಲ. ಒಂದೊಂದು ಯುಎಸ್‌ಬಿ ಮೈಕಿನಲ್ಲೂ ಅದರದ್ದೇ ಕ್ರಿಸ್ಟಲ್ ಇರುತ್ತದೆ, ಲ್ಯಾಪ್‌ಟಾಪ್ ಒಂದೇ ಆದರೂ ಕಥೆ ಅದೇ. ಅದೇ ದುಡ್ಡಿಗೆ ಇನ್ನೊಂದಿಷ್ಟು ಸೇರಿಸಿ ಎರಡು ಮಾಮೂಲಿ ಎಕ್ಸ್‌ಎಲ್‌ಆರ್ ಮೈಕ್, ಎರಡನ್ನೂ ಚುಚ್ಚುವ ಒಂದೇ ಆಡಿಯೊ ಇಂಟರ್‌ಫೇಸ್ (ಮೈಕಿನ ದನಿಯನ್ನು ಕಂಪ್ಯೂಟರಿಗೆ ಕೊಡುವ ಪೆಟ್ಟಿಗೆ) ತನ್ನಿ, ಆಗ ಎರಡು ಮೈಕಿಗೂ ಒಂದೇ ಕ್ರಿಸ್ಟಲ್. ಯುಎಸ್‌ಬಿ ಮೈಕ್ ಈಗಾಗಲೇ ಕೊಂಡಾಗಿದೆ, ಮನೆಯಲ್ಲಿರುವುದು ಮ್ಯಾಕ್ ಅಂದರೆ, ಆಡಿಯೊ ಮಿಡಿ ಸೆಟಪ್‌ನಲ್ಲಿ ಎರಡನ್ನೂ ಸೇರಿಸಿ ಅಗ್ರಿಗೇಟ್ ಡಿವೈಸ್ (ಎರಡೂ ಸೇರಿ ಒಂದೇ ಸಾಧನ) ಮಾಡಿ, ಎರಡನೇ ಮೈಕಿನ ಎದುರು ಡ್ರಿಫ್ಟ್ ಕರೆಕ್ಷನ್‌ಗೆ ಟಿಕ್ ಹಾಕಿ.