ಗ್ಲೂಕೋಸಿಗೆ ತಡೆ ಒಲೆಯಲ್ಲೋ, ಬಾಗಿಲಲ್ಲೋ?

ಇನ್ಸುಲಿನ್ ಪ್ರತಿರೋಧದ (ಇನ್ಸುಲಿನ್ ಇದ್ದರೂ ಅಂಗಾಂಶಗಳು ಅದರ ಮಾತು ಸರಿಯಾಗಿ ಕೇಳದ ಸ್ಥಿತಿಯ) ಬಗೆಗಿನ ನಮ್ಮ ಲೇಖನ ಓದಿದ ಜೀವರಸಾಯನ ವಿದ್ಯಾರ್ಥಿಯೊಬ್ಬರು ಕೇಳಿದ್ದಾರೆ: "ಸ್ನಾಯು ಕೊಬ್ಬನ್ನು ಉರಿಸುತ್ತಿರುವಾಗ ಗ್ಲೂಕೋಸನ್ನು ಉರಿಸುವುದಿಲ್ಲ ಎಂದು ಪಠ್ಯದಲ್ಲಿದೆ. ಇನ್ಸುಲಿನ್ ಪ್ರತಿರೋಧ ಎಂದರೆ ಇಷ್ಟೇ ಅಲ್ಲವೇ? ಇನ್ನೊಂದು: ಎರಡು ತಿಂಗಳಿಂದ ಪಿಷ್ಟ ಬಿಟ್ಟು ತೂಕ ಇಳಿಸಿದ್ದೇನೆ. ಆದರೂ ಗ್ಲೂಕೋಸ್ ಟಾಲರೆನ್ಸ್ ಟೆಸ್ಟಿನಲ್ಲಿ (ಗ್ಲೂಕೋಸ್ ಕುಡಿಸಿ ರಕ್ತದ ಸಕ್ಕರೆ ನೋಡುವ ಪರೀಕ್ಷೆ) ಎರಡು ಗಂಟೆಯ ಅಂಕಿ 158 ಮಿ.ಗ್ರಾಂ/ಡೆ.ಲೀ. ಬಂತು. ಏಕೆ?"

ನಿಮ್ಮ ಪಠ್ಯ ಹೇಳುತ್ತಿರುವುದು 1963ರಲ್ಲಿ ಜೀವರಸಾಯನ ವಿಜ್ಞಾನಿ ಫಿಲಿಪ್ ರ‍್ಯಾಂಡಲ್ ಮತ್ತು ಸಂಗಡಿಗರು ಮಂಡಿಸಿದ ಚಕ್ರವನ್ನು. ಅವರ ಪ್ರಯೋಗ ನಡೆದದ್ದು ಇಲಿಯ ಹೃದಯ ಮತ್ತು ವಪೆಯ (ಡಯಾಫ್ರಂ) ಸ್ನಾಯುವಿನ ಮೇಲೆ. ಕೊಬ್ಬಿನಾಮ್ಲ ಉರಿದಾಗ ಅದರಿಂದ ಹುಟ್ಟುವ ಅಸಿಟೈಲ್ ಕೋಎ ಹೆಚ್ಚಿ, ಗ್ಲೂಕೋಸಿನಿಂದ ಬಂದ ಪೈರುವೇಟನ್ನು ಉರಿಯಲು ಕಳಿಸುವ ಪೈರುವೇಟ್ ಡಿಹೈಡ್ರೋಜಿನೇಸ್ ಕಿಣ್ವ ಮಂಕಾಗುತ್ತದೆ. ಸಿಟ್ರೇಟ್ ಹೆಚ್ಚಿ, ಗ್ಲೂಕೋಸ್ ಒಡೆಯುವ ದಾರಿಯ ಇನ್ನೊಂದು ಕಿಣ್ವ ಫಾಸ್ಫೊಫ್ರಕ್ಟೊಕೈನೇಸನ್ನು ತಡೆಯುತ್ತದೆ. ಕೆಳಗಿನ ದಾರಿ ಮುಚ್ಚಿದ್ದರಿಂದ ಗ್ಲೂಕೋಸ್-6-ಫಾಸ್ಫೇಟ್ (ಒಳಬಂದ ಗ್ಲೂಕೋಸಿನ ಮೊದಲ ರೂಪಾಂತರ) ಮೇಲೆ ರಾಶಿ ಬಿದ್ದು, ಅದನ್ನು ತಯಾರಿಸುವ ಹೆಕ್ಸೊಕೈನೇಸ್ ಕಿಣ್ವವನ್ನೂ ನಿಲ್ಲಿಸುತ್ತದೆ. ಅಂದರೆ ತಡೆ ಇರುವುದು ಗ್ಲೂಕೋಸ್ ಉರಿಯುವ ಒಲೆಯಲ್ಲಿ. ಜೀವಕೋಶದ ಬಾಗಿಲಲ್ಲಿ ಬರಿಯ ನೂಕುನುಗ್ಗಲು.

ಈ ವಾದ ನಿಜವಾದರೆ ಮನುಷ್ಯರ ಸ್ನಾಯುವಿನಲ್ಲೂ ಗ್ಲೂಕೋಸ್-6-ಫಾಸ್ಫೇಟ್ ಏರಬೇಕು. 1996ರಲ್ಲಿ ರೋಡನ್, ಶುಲ್ಮನ್ ಮತ್ತಿತರರು ಪ್ರಕಟಿಸಿದ ಅಧ್ಯಯನ ಇದನ್ನೇ ಪರೀಕ್ಷಿಸಿತು. ಆರೋಗ್ಯವಂತರ ರಕ್ತನಾಳಕ್ಕೆ ಕೊಬ್ಬಿನ ದ್ರಾವಣ ಹರಿಸಿ, ಅದು ಕೊಬ್ಬಿನಾಮ್ಲವಾಗಿ ಒಡೆಯಲೆಂದು ಹೆಪಾರಿನ್ ಎಂಬ ಔಷಧ ಕೊಟ್ಟರು. ಇನ್ಸುಲಿನ್ನನ್ನು ಒಂದೇ ಮಟ್ಟದಲ್ಲಿ ಇರಿಸಿ, ರಕ್ತದ ಗ್ಲೂಕೋಸ್ ಕದಲದಂತೆ ಹೊರಗಿನಿಂದ ಗ್ಲೂಕೋಸ್ ಕೊಡುತ್ತಾ ಹೋದರು. ಎಷ್ಟು ಕೊಡಬೇಕಾಯಿತೋ ದೇಹ ಅಷ್ಟನ್ನು ಬಳಸಿತೆಂದು ಲೆಕ್ಕ. ಮೊದಲ ಮೂರು ಗಂಟೆ ವಿಶೇಷವೇನೂ ಇಲ್ಲ. ಆರನೆಯ ಗಂಟೆಯ ಹೊತ್ತಿಗೆ ಬಳಕೆ ಅರ್ಧದಷ್ಟಕ್ಕೆ ಕುಸಿದಿತ್ತು. ಆದರೆ ಗ್ಲೂಕೋಸ್-6-ಫಾಸ್ಫೇಟ್ ಏರುವ ಬದಲು, ಬಳಕೆ ಕುಸಿಯುವ ಮೊದಲೇ ಇಳಿಯತೊಡಗಿತ್ತು! ಗ್ಲೂಕೋಸ್ ಒಳಗೆ ಸಾಕಷ್ಟು ಬಂದಿರಲಿಲ್ಲ. ತಡೆ ಬಾಗಿಲಲ್ಲೇ ಇತ್ತು. ಇನ್ಸುಲಿನ್ ಗ್ರಾಹಕದಿಂದ ಐಆರ್‌ಎಸ್-1 ಎಂಬ ಪ್ರೋಟೀನಿನ ಮೂಲಕ ಸಾಗುವ ಸಂಕೇತ ದುರ್ಬಲವಾಗಿ, ಗ್ಲೂಕೋಸನ್ನು ಒಳಗೆ ಬಿಡುವ ಗ್ಲುಟ್-4 ಪ್ರೋಟೀನ್ ಜೀವಕೋಶದ ಅಂಚಿಗೆ ಸಾಕಷ್ಟು ಬರುವುದಿಲ್ಲ. ಡೈಅಸೈಲ್‌ಗ್ಲಿಸರಾಲ್, ಸೆರಮೈಡ್‌ಗಳಂಥ ಕೊಬ್ಬಿನ ಉಪೋತ್ಪನ್ನಗಳ ಮೇಲೆ ಇದರ ಅನುಮಾನವಿದೆ. ಯಾವುದರ ಪಾಲು ಎಷ್ಟು ಎಂಬ ಜಗಳ ಮುಗಿದಿಲ್ಲ. ರ‍್ಯಾಂಡಲ್ ಹೇಳಿದ ಪೈಪೋಟಿ ಸುಳ್ಳಲ್ಲ, ಆದರೆ ಪ್ರತಿರೋಧಕ್ಕೆ ಅದೊಂದೇ ವಿವರಣೆಯಾಗಿ ಸಾಲದು.

ಈ ಪ್ರಯೋಗ ಓದಿ "ಎಣ್ಣೆ ತಿಂದರೆ ಹೀಗಾಗುತ್ತದೆ" ಎನ್ನಬೇಡಿ. ಅಲ್ಲಿ ಕೊಬ್ಬಿನಾಮ್ಲ ಲೀಟರಿಗೆ 2 ಮಿಲಿಮೋಲ್ ಹತ್ತಿರ ಇತ್ತು. ರಾತ್ರಿಯ ಉಪವಾಸದ ನಂತರ ಸಾಮಾನ್ಯವಾಗಿ 0.3ರಿಂದ 0.6 ಇರುತ್ತದೆ. ಆ ಹೊತ್ತಿನಲ್ಲಿ ಅದು ಬರುವುದು ತಟ್ಟೆಯಿಂದಲ್ಲ, ಕೊಬ್ಬಿನ ಅಂಗಾಂಶದಿಂದ. ಊಟವಾದ ಮೇಲೆ ಇನ್ಸುಲಿನ್ ಆ ಸುರಿತವನ್ನು ನಿಲ್ಲಿಸಬೇಕು. ತುಂಬಿ ತುಳುಕುವ ಕೊಬ್ಬಿನ ಕೋಶ ಆ ಆಜ್ಞೆಯನ್ನು ಸರಿಯಾಗಿ ಕೇಳುವುದಿಲ್ಲ. ಹೆಚ್ಚಾದದ್ದು ಯಕೃತ್ತಿಗೂ ಸ್ನಾಯುವಿಗೂ ಹರಿದು, ಯಕೃತ್ತು ಹೊಸ ಗ್ಲೂಕೋಸ್ ತಯಾರಿಸುವುದನ್ನು ಚುರುಕುಗೊಳಿಸುತ್ತದೆ. ಸ್ನಾಯುವಿನೊಳಗೆ ಕೊಬ್ಬು ಇರುವುದೇ ತಪ್ಪೂ ಅಲ್ಲ: ದೂರ ಓಡುವ ಪಟುಗಳ ಸ್ನಾಯುವಿನಲ್ಲಿ ಅದು ಧಾರಾಳವಾಗಿರುತ್ತದೆ, ಇನ್ಸುಲಿನ್ ಕೂಡ ಸೊಗಸಾಗಿ ಕೆಲಸ ಮಾಡುತ್ತದೆ. ಅವರಲ್ಲಿ ಬಂದದ್ದು ದಿನವೂ ಉರಿದು ಖರ್ಚಾಗುತ್ತದೆ.

ಇನ್ನು ನಿಮ್ಮ 158. ಪಿಷ್ಟ ಬಿಟ್ಟ ದೇಹದಲ್ಲಿ ಕೊಬ್ಬಿನಾಮ್ಲ ಹೆಚ್ಚಿರುತ್ತದೆ, ಸ್ನಾಯು ಅದಕ್ಕೇ ಒಗ್ಗಿರುತ್ತದೆ, ಪೈರುವೇಟ್ ದಾರಿ ಅರ್ಧ ಮುಚ್ಚಿರುತ್ತದೆ. ಇಲ್ಲಿ ರ‍್ಯಾಂಡಲ್‌ರ ಮಾತಿಗೆ ತೂಕವಿದೆ. ಇಂಥ ಹೊತ್ತಿನಲ್ಲಿ ಒಮ್ಮೆಲೇ 75 ಗ್ರಾಂ ಗ್ಲೂಕೋಸ್ ಕುಡಿದರೆ ಅಂಕಿ ಏರುವುದು ಸಹಜ. ಅದಕ್ಕೇ ಪರೀಕ್ಷೆಗೆ ಮುಂಚಿನ ಮೂರು ದಿನ, ದಿನಕ್ಕೆ ಕನಿಷ್ಠ 150 ಗ್ರಾಂ ಕಾರ್ಬೊಹೈಡ್ರೇಟ್ ತಿನ್ನಬೇಕೆಂಬ ನಿಯಮವಿದೆ. ಬಹುಶಃ ನಿಮಗೆ ಯಾರೂ ಹೇಳಲಿಲ್ಲ. ಹಾಗೆ ತಿಂದು, ಕನಿಷ್ಠ 8 ಗಂಟೆ ಉಪವಾಸವಿದ್ದು, ಪರೀಕ್ಷೆಯ ಎರಡು ಗಂಟೆ ಓಡಾಡದೆ ಕೂತು ಮತ್ತೆ ಮಾಡಿಸಿ. 140ಕ್ಕಿಂತ ಕೆಳಗಿಳಿದರೆ ಮೊದಲಿನದು ಆಹಾರದ ಆಟವೆಂದುಕೊಳ್ಳಬಹುದು. 140ರಿಂದ 199ರೊಳಗೇ ಉಳಿದರೆ ಮಧುಮೇಹದ ಹೊಸ್ತಿಲು, ವೈದ್ಯರನ್ನು ಕಾಣಿ. ಮಧುಮೇಹದ ಮಾತ್ರೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಳ್ಳುತ್ತಿದ್ದರೆ ಈ ಮೂರು ದಿನದ ಬದಲಾವಣೆಗೂ ಮೊದಲೇ ಅವರನ್ನು ಕೇಳಿ.

ರಕ್ತದ ಕೊಬ್ಬಿನಾಮ್ಲವನ್ನೇ ಅಳೆಸುವ ಆಸೆ ನಿಮಗಿರಬಹುದು. ಸಾಮಾನ್ಯ ಲಿಪಿಡ್ ಪ್ರೊಫೈಲ್‌ನಲ್ಲಿ ಅದಿಲ್ಲ. ಅಲ್ಲಿರುವ ಟ್ರೈಗ್ಲಿಸರೈಡ್ ಬೇರೆಯೇ ವಸ್ತು. ಅಳೆಸಿದರೂ, ಹೆಪಾರಿನ್ ಪಡೆದವರ ರಕ್ತವನ್ನು ಮಂಜುಗಡ್ಡೆಯಲ್ಲಿಟ್ಟು ಬೇಗನೆ ಬೇರ್ಪಡಿಸದಿದ್ದರೆ, ಟ್ಯೂಬಿನೊಳಗೇ ಟ್ರೈಗ್ಲಿಸರೈಡ್ ಒಡೆಯುತ್ತಾ ಹೋಗಿ ಅಂಕಿ ಸುಳ್ಳಾಗಿ ಏರುತ್ತದೆ.