ಹಿಗ್ಗಿದ ಮೋಡ ಸಾಕ್ಷಿಯಲ್ಲ, ಸುಳಿ ಕಾಣಬೇಕು

ಓದುಗರ ಪತ್ರ: ಅತಿ ತಣ್ಣನೆಯ ಲಿಥಿಯಂ ಅನಿಲದ ಮೋಡ, ಅದನ್ನು ಹಿಡಿದಿಟ್ಟ ಲೇಸರ್ ಬಲೆಯಿಂದ ಬಿಟ್ಟೊಡನೆ ಅಡ್ಡಕ್ಕೆ ಮಾತ್ರ ಹಿಗ್ಗಿದ್ದನ್ನು ಡ್ಯೂಕ್ ವಿಶ್ವವಿದ್ಯಾಲಯದವರು 2002ರಲ್ಲೇ ತೋರಿಸಿದ್ದರು. ಮತ್ತೆ ಅದನ್ನು ಸೂಪರ್‌ಫ್ಲೂಯಿಡ್ (ಘರ್ಷಣೆಯಿಲ್ಲದೆ ಹರಿಯುವ ವಸ್ತು) ಎಂದು ಒಪ್ಪಲು 2005ರವರೆಗೆ ಕಾದದ್ದೇಕೆ? ಪರಮಾಣು ಜೋಡಿಗಳ ಸಾಂದ್ರಣವೂ (ಬಹಳಷ್ಟು ಜೋಡಿಗಳು ಒಂದೇ ಕ್ವಾಂಟಮ್ ಸ್ಥಿತಿಗೆ ಇಳಿಯುವುದು) 2004ರಲ್ಲೇ ಕಂಡಿತ್ತಲ್ಲ?

ಸಂಪಾದಕರ ಉತ್ತರ: ಉದ್ದನೆಯ ಮೋಡ ಅಡ್ಡಕ್ಕೆ ಹಿಗ್ಗುವುದಕ್ಕೆ ಎರಡು ಕಾರಣಗಳಿರಬಹುದು. ಸೂಪರ್‌ಫ್ಲೂಯಿಡ್ ಆಗಿದ್ದರೆ ಹಾಗಾಗುತ್ತದೆ, ನಿಜ. ಆದರೆ ಪರಮಾಣುಗಳು ಪದೇ ಪದೇ ಡಿಕ್ಕಿ ಹೊಡೆಯುವ ಸಾಮಾನ್ಯ ಅನಿಲವೂ ಹಾಗೆಯೇ ಹಿಗ್ಗುತ್ತದೆ. ಡ್ಯೂಕ್ ಪ್ರಯೋಗ ನಡೆದದ್ದೇ ಪರಮಾಣುಗಳ ಸೆಳೆತ ಅತಿ ಪ್ರಬಲವಾಗಿದ್ದ ಸ್ಥಿತಿಯಲ್ಲಿ. ಹಾಗಾಗಿ ಆ ಚಿತ್ರದಿಂದ ಏನನ್ನೂ ಖಚಿತವಾಗಿ ಹೇಳುವಂತಿರಲಿಲ್ಲ.

ಎರಡನ್ನೂ ಬೇರ್ಪಡಿಸಿ ತೋರಿಸುವುದು ಕಲಕುವ ಪರೀಕ್ಷೆ. ಕಲಕಿದ ಸಾಮಾನ್ಯ ಅನಿಲ ಇಡಿಯಾಗಿ ಸುತ್ತುತ್ತದೆ. ಸೂಪರ್‌ಫ್ಲೂಯಿಡ್ ಹಾಗೆ ಸುತ್ತಲಾರದು. ತಿರುಗಬೇಕಾದರೆ ಸಣ್ಣ ಸಣ್ಣ ಸುಳಿಗಳಾಗಿ ಒಡೆಯಲೇಬೇಕು. ಪ್ರತಿ ಸುಳಿಯ ಸುತ್ತಲಿನ ಹರಿವಿನ ಪ್ರಮಾಣವೂ ಒಂದೇ: ಪ್ಲ್ಯಾಂಕ್ ಸ್ಥಿರಾಂಕವನ್ನು ಜೋಡಿಯ ದ್ರವ್ಯರಾಶಿಯಿಂದ ಭಾಗಿಸಿದಷ್ಟು. ಲಿಥಿಯಂ-6ರ ಜೋಡಿಗೆ ಇದು ಸೆಕೆಂಡಿಗೆ ಸುಮಾರು 3.3×10⁻⁸ ಚದರ ಮೀಟರ್. ಮೋಡ ಸೆಕೆಂಡಿಗೆ 45 ಸುತ್ತು ಹಾಕುತ್ತಿದ್ದರೆ ಸುಳಿಗಳ ನಡುವಿನ ಅಂತರ ಸುಮಾರು 8 ಮೈಕ್ರಾನ್ ಬರುತ್ತದೆ. ನೀವೇ ಲೆಕ್ಕ ಹಾಕಿ ನೋಡಿ.

2005ರಲ್ಲಿ ಎಂಐಟಿಯ ಕೆಟರ್ಲೆ ತಂಡ ಮಾಡಿದ್ದು ಇದನ್ನೇ. ಲಿಥಿಯಂ-6 ಪರಮಾಣುಗಳು ಫರ್ಮಿಯಾನ್‌ಗಳು, ಅಂದರೆ ಒಂದೇ ಸ್ಥಿತಿಯಲ್ಲಿ ಎರಡು ಇರಲಾರದ ಕಣಗಳು. ಒಂದೇ ಸ್ಪಿನ್‌ನ (ಕಣದ ಒಳಗಿನ ತಿರುಗು ಗುಣದ) ಫರ್ಮಿಯಾನ್‌ಗಳು ಇಷ್ಟು ತಣ್ಣಗಾದ ಮೇಲೆ ಪರಸ್ಪರ ಡಿಕ್ಕಿ ಹೊಡೆಯುವುದಿಲ್ಲ, ಡಿಕ್ಕಿಯಿಲ್ಲದೆ ಆವಿಯಾಗಿಸಿ (ಬಿಸಿ ಪರಮಾಣುಗಳನ್ನು ಹೊರಬಿಟ್ಟು) ತಂಪು ಮಾಡಲಾಗದು. ಅದಕ್ಕೇ ಮೊದಲು ಸೋಡಿಯಂ ಬೆರೆಸಿ ಲಿಥಿಯಂ ತಣಿಸಿದರು, ನಂತರ ಎರಡು ಸ್ಪಿನ್‌ಗಳ ಮಿಶ್ರಣ ಮಾಡಿ, ಸೆಳೆತ ಅತಿ ಪ್ರಬಲವಾಗುವ ಸುಮಾರು 834 ಗಾಸ್ ಆಸುಪಾಸಿನ ಕಾಂತಕ್ಷೇತ್ರದಲ್ಲಿಟ್ಟರು. ಕಲಕಲು ಎರಡು ಹಸಿರು ಲೇಸರ್ ಕಿರಣಗಳು. ಲಿಥಿಯಂ ಹೀರುವುದು ಕೆಂಪು ಬೆಳಕನ್ನು, ಹಸಿರು ಅದನ್ನು ದೂರ ತಳ್ಳುತ್ತದೆ.

ಕೆಡುವುದು ಎಲ್ಲಿ ಎಂದರೆ, ಬಲೆ ಸ್ವಲ್ಪ ಓರೆಯಾಗಿದ್ದರೂ ತಿರುಗುವಿಕೆ ಬೇಗ ಸತ್ತುಹೋಗುತ್ತದೆ. ಕಿರಣ ಜೋರಾದರೆ ಮೋಡ ಬಿಸಿಯಾಗುತ್ತದೆ. ಕಲಕಿದ ತಕ್ಷಣ ಚಿತ್ರ ತೆಗೆದರೆ ಗಜಿಬಿಜಿ. ನೂರಾರು ಮಿಲಿಸೆಕೆಂಡ್ ಬಿಟ್ಟರೇನೇ ಸುಳಿಗಳು ತ್ರಿಕೋನ ಜಾಲವಾಗಿ ಕೂರುತ್ತವೆ. ಬಲೆಯೊಳಗೆ ಸುಳಿಯ ತಿರುಳು ತೀರಾ ಕಿರಿದು, ಹಾಗಾಗಿ ಮೋಡವನ್ನು ಬಿಟ್ಟು ಹಿಗ್ಗಿಸಿ ಅದರ ನೆರಳಿನ ಚಿತ್ರ ತೆಗೆಯಬೇಕು. ಅದೂ ಸಾಲದು. ಹಿಗ್ಗುವಾಗಲೇ ಕಾಂತಕ್ಷೇತ್ರವನ್ನು ಥಟ್ಟನೆ ತಗ್ಗಿಸಿದರೆ ಜೋಡಿಗಳು ಬಿಗಿಯಾದ ಅಣುಗಳಾಗುತ್ತವೆ, ಆಗ ಸುಳಿಯ ನಡು ಖಾಲಿಯಾಗಿ ಕಾಣುತ್ತದೆ. ನನ್ನ ಲೆಕ್ಕದಲ್ಲಿ ಇಡೀ ಪ್ರಯೋಗದ ಜಾಣತನ ಇರುವುದು ಇಲ್ಲೇ.

ಇನ್ನು ಸಾಂದ್ರಣ. 2004ರಲ್ಲಿ ಡೆಬೊರಾ ಜಿನ್ ತಂಡ ಪೊಟ್ಯಾಸಿಯಂ-40ರಲ್ಲಿ ಅದನ್ನು ವರದಿ ಮಾಡಿದ್ದು ಹೌದು. ಆದರೆ ಪರಸ್ಪರ ಸೆಳೆತ-ತಳ್ಳಾಟವೇ ಇಲ್ಲದ ಆದರ್ಶ ಬೋಸ್ ಅನಿಲವೂ (ಒಂದೇ ಸ್ಥಿತಿಯಲ್ಲಿ ಎಷ್ಟು ಬೇಕಾದರೂ ಕೂರಬಲ್ಲ ಕಣಗಳ ಅನಿಲ) ಸಾಂದ್ರಗೊಳ್ಳುತ್ತದೆ. ಲ್ಯಾಂಡೌ ನಿಯಮದ ಪ್ರಕಾರ ಅದು ಘರ್ಷಣೆಯಿಲ್ಲದೆ ಹರಿಯಬಲ್ಲ ಗರಿಷ್ಠ ವೇಗ ಮಾತ್ರ ಸೊನ್ನೆ, ಅಂದರೆ ಸಾಂದ್ರಗೊಂಡರೂ ಅದು ಸೂಪರ್‌ಫ್ಲೂಯಿಡ್ ಅಲ್ಲ.