ಕೇಸ್‌ಶೀಟಿನಲ್ಲಿ ‘ಅಬ್‌ಸ್ಕಾಂಡೆಡ್’

ಎಂಬಿಬಿಎಸ್ ಮೂರನೇ ವರ್ಷದ ಹುಡುಗಿ. ಬುಡಕಟ್ಟು ಜನರ ಹಾಡಿಯಲ್ಲಿ ಹುಟ್ಟಿ, ಆಶ್ರಮ ಶಾಲೆಯಲ್ಲಿ ಓದಿ, ಪರಿಶಿಷ್ಟ ಪಂಗಡದ ಕೋಟಾದಲ್ಲಿ ಸರ್ಕಾರಿ ಸೀಟು ಪಡೆದವಳು. (ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.) ನಿದ್ದೆ ಇಲ್ಲ, ಮೆಸ್ಸಿಗೆ ಹೋಗಲು ಮನಸ್ಸಿಲ್ಲ, ಓದಿದ್ದು ತಲೆಗೆ ಹತ್ತುತ್ತಿಲ್ಲ ಅಂತ ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದಳು.

ಮೊದಲ ದಿನವೇ ನಾನೊಂದು ತಪ್ಪು ಮಾಡಿದೆ. ಮಾತಿಗೆಳೆಯಲು, ‘ನೀಟ್‌ನಲ್ಲಿ ರ‍್ಯಾಂಕ್ ಎಷ್ಟಿತ್ತಮ್ಮಾ?’ ಅಂದೆ. ಅವಳು ಬಾಗಿಲ ಕಡೆ ನೋಡಿದಳು. ಹಾಸ್ಟೆಲಿನಲ್ಲಿ ಸೀನಿಯರ್‌ಗಳು ಕೇಳುತ್ತಿದ್ದದ್ದೂ ಅದನ್ನೇ. ಜಾತಿ ಕೇಳಿದರೆ ಸಿಕ್ಕಿಬೀಳುತ್ತಾರೆ. ರ‍್ಯಾಂಕ್ ಕೇಳಿದರೆ ಜಾತಿ ತಾನಾಗಿಯೇ ತಿಳಿಯುತ್ತೆ, ಅಲ್ವಾ? ಕ್ಷಮೆ ಕೇಳಿದೆ. ಆಮೇಲೆ ಬಾಯಿಬಿಟ್ಟಳು.

ಎರಡನೇ ಭೇಟಿಯಲ್ಲಿ ಮೆಡಿಸಿನ್ ವಾರ್ಡಿನ ಸಂಗತಿ ಬಂತು. ಹಾಡಿಯ ಒಬ್ಬ ಹೆಂಗಸು, ಸಿಕಲ್ ಸೆಲ್ ಕಾಯಿಲೆ (ಹುಟ್ಟಿನಿಂದ ಬರುವ ರಕ್ತದ ಕಾಯಿಲೆ), ಕೀಲುಕೀಲೂ ನೋವು. ನೋವಿನ ಇಂಜೆಕ್ಷನ್ ಕೇಳಿದರೆ ‘ನಾಟಕ ಆಡಬೇಡ’ ಅನ್ನುತ್ತಿದ್ದರಂತೆ. ಮೂರನೇ ದಿನ ಸಂಜೆ ಹಾಸಿಗೆ ಖಾಲಿ. ಪಿಜಿ ಡಾಕ್ಟರು ಕೇಸ್‌ಶೀಟಿನಲ್ಲಿ ‘ಅಬ್‌ಸ್ಕಾಂಡೆಡ್’ (ಹೇಳದೆ ಪರಾರಿ) ಅಂತ ಬರೆದು, ‘ಈ ಜನಾನೇ ಹೀಗೆ’ ಅಂದರು. ಆ ಹೆಂಗಸು ಬೆಳಿಗ್ಗೆಯೇ ಇವಳ ಕೈ ಹಿಡಿದು ಹೇಳಿದ್ದಳು: ‘ಕೂಸೇ, ಐದೂವರೆ ಬಸ್ಸು ತಪ್ಪಿದ್ರೆ ನನ್ ಮಕ್ಳಿಗೆ ಇವತ್ತೂ ಊಟ ಇಲ್ಲ.’ ಇವಳು ಯಾರಿಗೂ ತಿಳಿಸಲಿಲ್ಲ. ಬಾಯಿ ತೆರೆದರೆ ಮಾತಿನ ಧಾಟಿಯೇ ತನ್ನ ಊರು ಹೇಳಿಬಿಡುತ್ತೆ ಅನ್ನೋ ಭಯ.

‘ಆ ಜನ ಅಂದ್ರೆ ನಾನೂ ತಾನೇ ಮೇಡಂ?’

2023ರಲ್ಲಿ ಕೇಂದ್ರ ಸರ್ಕಾರ ಸಿಕಲ್ ಸೆಲ್ ನಿರ್ಮೂಲನೆಗೆ ದೊಡ್ಡ ಅಭಿಯಾನವನ್ನೇ ಶುರು ಮಾಡಿತು. ರಕ್ತಪರೀಕ್ಷೆ ಸರಿ. ಆದರೆ ಹಾಡಿಯವರು ವಾರ್ಡಿಗೆ ಬಂದಾಗ ಬಸ್ಸು ಎಷ್ಟೊತ್ತಿಗೆ ಅಂತ ಕೇಳುವವರೂ ಬೇಕಲ್ಲ. ಅಂಥ ಒಬ್ಬಳು ಅಲ್ಲೇ ನಿಂತಿದ್ದಳು, ಬಾಯಿ ಕಟ್ಟಿಹಾಕಿದ್ದೆವು. ಸೀಟು ಕೊಟ್ಟರೆ ಕೆಲಸ ಮುಗೀತು ಅಂದುಕೊಂಡ ಕಾಲೇಜುಗಳ ಮೇಲೆ ನನಗೆ ಸಿಟ್ಟಿದೆ.

ಅವಳಿಗೆ ಹೇಳಿದ್ದು ಇಷ್ಟು. ರ‍್ಯಾಂಕಿನ ಕೆಲಸ ಸೀಟು ಸಿಗುವವರೆಗೆ. ಒಳಗೆ ಬಂದ ಮೇಲೆ ಎಲ್ಲರಿಗೂ ಅದೇ ಪ್ರಶ್ನೆಪತ್ರಿಕೆ, ಪಾಸಾಗಲು ಅಷ್ಟೇ ಅಂಕ. ಹಾಗಾಗಿ ಯಾರು ಕೇಳಿದರೂ ಉತ್ತರ ಕೊಡಬೇಕಿಲ್ಲ. ಯಾರು, ಯಾವತ್ತು, ಏನಂದರು, ಪಕ್ಕದಲ್ಲಿ ಯಾರಿದ್ದರು, ಇಷ್ಟನ್ನು ಅವತ್ತೇ ಬರೆದಿಡು. ಜಾತಿ ಹಿಡಿದು ಹೀಯಾಳಿಸುವುದೂ ರ‍್ಯಾಗಿಂಗೇ ಅಂತ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2016ರಲ್ಲೇ ನಿಯಮಕ್ಕೆ ಸೇರಿಸಿದೆ. ಸಹಾಯವಾಣಿ 1800-180-5522. ದೂರು ಕೊಡೋದು ಬಿಡೋದು ನಿನ್ನಿಷ್ಟ. ಕೊಡೋದಾದರೆ ಕೂತು ಬರೆಯೋಣ.

ಸಾಯುವ ಯೋಚನೆ ಬಂದಿದೆಯಾ ಅಂತ ನೇರವಾಗಿ ಕೇಳಿದೆ. ಇಲ್ಲ ಅಂದಳು. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಅನ್ನು ಫೋನಿನಲ್ಲಿ ಸೇವ್ ಮಾಡಿಸಿದೆ. ರಾತ್ರಿ ಹೊತ್ತೂ ಕನ್ನಡದಲ್ಲೇ ಮಾತಾಡಬಹುದು.

ವಾರ್ಡಿಗೆ ಒಂದೇ ವಾಕ್ಯ ಅಭ್ಯಾಸ ಮಾಡಿದೆವು, ಅವಳದೇ ಧಾಟಿಯಲ್ಲಿ: ‘ಸರ್, ಈ ಪೇಷೆಂಟ್ ಸಂಜೆ ಬಸ್ಸಿಗೆ ಹೋಗಬೇಕಂತೆ, ಮನೇಲಿ ಸಣ್ಣ ಮಕ್ಕಳಿದ್ದಾರೆ.’ ಮೊದಲ ಸಲ ಕೇಳಿಸದಷ್ಟು ಮೆಲ್ಲಗೆ ಅಂದಳು. ಐದನೇ ಸಲಕ್ಕೆ ನಗು ಬಂತು. ಹಾಗಂತ ಹಾಡಿಯಿಂದ ಬಂದ ರೋಗಿಗಳೆಲ್ಲ ಇವಳ ಹೊಣೆ ಅಲ್ಲ. ರೋಗಿಯ ಜೊತೆ ಹೇಗೆ ಮಾತಾಡಬೇಕು ಅನ್ನೋದು 2019ರ ಪಠ್ಯಕ್ರಮದಿಂದ ಎಲ್ಲ ವಿದ್ಯಾರ್ಥಿಗಳಿಗೂ ಪಾಠವೇ. ಬ್ಯಾಚಿನ ಮಿಕ್ಕವರೂ ಕಲೀಲಿ ಅಂದೆ.

ಆರು ವಾರ ಆಯಿತು. ದೂರು ಇನ್ನೂ ಕೊಟ್ಟಿಲ್ಲ, ಡೈರಿಯಲ್ಲಿ ನಾಲ್ಕು ಪುಟ ತುಂಬಿದೆ. ಮೆಸ್ಸಿಗೆ ಹೋಗುತ್ತಿದ್ದಾಳೆ, ಗೆಳತಿಯೊಬ್ಬಳು ಜೊತೆಗಿದ್ದರೆ ಮಾತ್ರ. ಮುಂದಿನ ಭೇಟಿ ಹದಿನೈದು ದಿನಕ್ಕೆ.